ಆಳಿಗೊಂದು ನಾಲಿಗೆ

ಕಲ್ಯಾಣಪ್ಪ ಸತ್ತನೆಂಬ ಸುದ್ದಿ ಬಂದಾಗ ನಾನು ಊಟಕ್ಕೆ ಕುಳಿತಿದ್ದೆ. ಏಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಉಂಡೆ. ಊರವರೆಲ್ಲ ಅವನನ್ನು ಹೊಗಳುತ್ತಿದ್ದಾರೆ, ಹೊಗಳಲಿ. ಅವನ ಕೈಕೆಳಗೆ ಆರು ವರ್ಷ ಬಾವಿ ತೋಡಿದವನು ನಾನು. ಅವನು ಎಂಥವನೆಂದು ನನ್ನನ್ನು ಕೇಳಬೇಕು.

ಜೇವರ್ಗಿ ಕಡೆಯವನು. ಹೆಂಡತಿ ಬೇಗ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಎಡಗೈಯ ಎರಡು ಬೆರಳು ಸಿಡಿಮದ್ದಿಗೆ ಹೋಗಿದ್ದವು. ಆದರೂ ಅಫಜಲಪುರದಿಂದ ಆಳಂದದವರೆಗೆ ಯಾರ ಹೊಲದಲ್ಲಿ ಬಾವಿ ತೋಡಬೇಕಾದರೂ ಮೊದಲು ಅವನಿಗೇ ಹೇಳಿ ಕಳುಹಿಸುತ್ತಿದ್ದರು. ನಮ್ಮದು ಹನ್ನೆರಡು ಮಂದಿಯ ತಂಡ, ಅವನೇ ಜಮಾದಾರ.

ಅವನಿಗೆ ಇದ್ದದ್ದು ಒಂದು ನಾಲಿಗೆಯಲ್ಲ, ಆಳಿಗೊಂದರಂತೆ ಹನ್ನೊಂದು. ಮುದುಕ ಮಲ್ಕಪ್ಪನ ಹತ್ತಿರ ಹೋಗಿ, "ಮಾವಾ, ಈ ಕಲ್ಲು ಯಾವ ಕಡಿ ಬಿರೀತದ ನೀವೇ ನೋಡಿ ಹೇಳ್ರಿ," ಎನ್ನುತ್ತಿದ್ದ. ಎಲ್ಲಿ ಬಿರಿಯುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿರುತ್ತಿತ್ತು. ಮಣ್ಣು ಹೊರುವ ಬಾಳಮ್ಮನಿಗೆ ಯಾರಾದರೂ ಕೆಲಸ ಹೇಳಿದರೆ ಬುಟ್ಟಿ ಬಿಸಾಕಿ ಕೂತುಬಿಡುತ್ತಿದ್ದಳು. ಅವಳಿಗೆ ಅವನು ಏನೂ ಹೇಳುತ್ತಿರಲಿಲ್ಲ. ತಾನೇ ಒಂದು ಬುಟ್ಟಿ ಹೊತ್ತು ಅವಳ ಮುಂದೆ ಹಾದು ಹೋಗುತ್ತಿದ್ದ, ಅಷ್ಟೇ. ಅವಳು ತಡವಾಗಿ ಬಂದರೂ ಕೇಳುತ್ತಿರಲಿಲ್ಲ. ಮದ್ದು ತುಂಬಿ ಬತ್ತಿ ಹಚ್ಚುವ ಗೌಸಮೊಹಿದ್ದೀನನ ಹತ್ತಿರವಂತೂ ಮಗುವನ್ನು ಮಲಗಿಸುವ ದನಿಯಲ್ಲಿ ಮಾತಾಡುತ್ತಿದ್ದ. ಗೌಸನ ಅಣ್ಣ ಬಾವಿ ಕುಸಿದು ಸತ್ತಿದ್ದ. ಜನ ಮೇಲಿಂದ ಚೀರುತ್ತಿದ್ದುದನ್ನು ಗೌಸ ಕೆಳಗೇ ನಿಂತು ಕೇಳಿದ್ದ.

ಹಗ್ಗಕ್ಕೆ ಗಂಟು ಹಾಕುತ್ತಿದ್ದ ನನಗೆ ಮಾತ್ರ ಬೈಗುಳ. "ದತ್ತ್ಯಾ, ನಿನ್ನ ಹೆಣಾ ಎತ್ತಲಿ, ಇದೂ ಒಂದ್ ಗಂಟೇನಲೇ? ಎಮ್ಮಿ ಸುದ್ದಾ ಬಿಚ್ಚತದ!" ಉಳಿದ ಹತ್ತೂ ಮಂದಿಯ ಎದುರಿಗೆ. ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯಲ್ಲಿ ನಾನು ಇಬ್ಬರ ಕೆಲಸ ಒಬ್ಬನೇ ಮಾಡಿ ಮುಗಿಸುತ್ತಿದ್ದೆ. ಇವನ ಬಾಯಿ ಮುಚ್ಚಿಸಬೇಕು ಎಂಬುದೊಂದೇ ತಲೆಯಲ್ಲಿ.

ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ ಘತ್ತರಗಿಯ ಹತ್ತಿರ ಒಬ್ಬ ಸಾಹುಕಾರನ ಹೊಲದಲ್ಲಿ ಬಾವಿ ಹಿಡಿದಿದ್ದೆವು. ನಾನು ಸಾಹುಕಾರನ ಕಿವಿ ಕಚ್ಚಿದೆ. "ಜಮಾದಾರ ಭೇದ ಮಾಡ್ತಾನ್ರಿ. ಒಬ್ಬರಿಗಿ ಬೆಲ್ಲ, ಒಬ್ಬರಿಗಿ ಬೈಗುಳ. ಬಾಳಮ್ಮ ಮಧ್ಯಾಹ್ನ ಬಂದ್ರೂ ನಡೀತದ. ನನ್ನ ಕೈಯಾಗ ಕೊಡ್ರಿ, ಎಲ್ಲರಿಗೂ ಒಂದೇ ಕಾಯ್ದೆ ಮಾಡ್ತೇನಿ." ಬಾಳಮ್ಮ ತಡವಾಗಿ ಬರುವುದನ್ನು ಸಾಹುಕಾರ ತಾನೂ ಕಂಡಿದ್ದ. ಮರುದಿನವೇ ನನ್ನನ್ನು ಜಮಾದಾರ ಮಾಡಿದ. ಕಲ್ಯಾಣಪ್ಪ ಜಗಳಕ್ಕೆ ಬರಲಿಲ್ಲ. "ಹಗ್ಗ ಎಳೀತೇನಿ ಬಿಡ್ರಿ," ಎಂದು ಹೋಗಿ ಎಳೆಯುವವರ ಸಾಲಿನಲ್ಲಿ ನಿಂತ. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು.

ನಾನೊಂದು ತಗಡಿನ ಡಬ್ಬಿ ತಂದೆ. ಡಬ್ಬಿ ಬಾರಿಸಿದರೆ ಕೆಲಸ ಶುರು, ಬಾರಿಸಿದರೆ ಊಟ, ಬಾರಿಸಿದರೆ ಮೇಲೆ ಹತ್ತಬೇಕು. ದೊಡ್ಡವರು ಸಣ್ಣವರು, ಗಂಡಸು ಹೆಂಗಸು ಎಲ್ಲರಿಗೂ ಅದೇ. ಎರಡೇ ದಿನಕ್ಕೆ ಬಾಳಮ್ಮ ಬರುವುದನ್ನು ಬಿಟ್ಟಳು. ಮಲ್ಕಪ್ಪ ಬಾಯಿಗೆ ಬೀಗ ಹಾಕಿಕೊಂಡ. ಹೋದರೆ ಹೋಗಲಿ ಎಂದುಕೊಂಡೆ.

ನಾಲ್ಕನೆಯ ದಿನ ಕಲ್ಲಿಗೆ ಮದ್ದು ಹಾಕುವುದಿತ್ತು. ಎಲ್ಲರೂ ಮೇಲೆ ಬಂದರು, ಗೌಸ ಒಬ್ಬನೇ ಕೆಳಗುಳಿದ. ಅವನು ಬತ್ತಿ ಹಚ್ಚಿ ಹಗ್ಗದ ಕುಣಿಕೆಯಲ್ಲಿ ಕೂರಬೇಕು, ನಾಲ್ವರು ಎಳೆಯಬೇಕು. ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡು ಅಗಿದು ಮುಗಿಸುವಷ್ಟು ಹೊತ್ತು ಬತ್ತಿ ಉರಿಯುತ್ತದೆ. ಹೊಗೆ ಕಂಡಿತು. ನಾನು ಡಬ್ಬಿ ಬಾರಿಸುತ್ತ ಕೂಗಿದೆ: "ಹತ್ತಲೇ ಗೌಸ್ಯಾ! ಹತ್ತು!"

ಗೌಸ ಹತ್ತಲಿಲ್ಲ. ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಒತ್ತಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ನಾನು ಇನ್ನೂ ಜೋರಾಗಿ ಬಾರಿಸಿದೆ. ಬತ್ತಿ ಅರ್ಧ ಉರಿದಿತ್ತು. ಆದರೂ ನನ್ನ ಕೈ ಬಾರಿಸುವುದನ್ನು ನಿಲ್ಲಿಸಲಿಲ್ಲ.

ಕಲ್ಯಾಣಪ್ಪ ನನ್ನ ಕೈಯಿಂದ ಡಬ್ಬಿ ಕಸಿದುಕೊಂಡು ಬಾವಿಯ ಅಂಚಿನಲ್ಲಿ ಬೋರಲು ಮಲಗಿದ. ಮೆಲ್ಲಗೆ, ಕಟ್ಟೆಯ ಮೇಲೆ ಕೂತವನ ಹಾಗೆ ಕೇಳಿದ: "ಗೌಸಾ, ನಿಮ್ಮ ಆಡು ಮರಿ ಹಾಕ್ಯಾದಂತಲ್ಲೋ?"

ಗೌಸ ತಲೆ ಎತ್ತಿದ. "ಹೌದ್ರಿ ಕಾಕಾ."

"ಎಷ್ಟ್ ಹಾಕ್ಯಾದ?"

"ಎರಡ್ರಿ."

"ಒಂದ್ ನನಗ ಕೊಡ್ತೇನು? ಕುಣಿಕ್ಯಾಗ ಕೂತ್ಕೊಂಡ್ ಹೇಳು, ಮ್ಯಾಲ ಸರಿಯಾಗಿ ಕೇಳಸವಲ್ದು."

ಗೌಸ ಕುಣಿಕೆಯಲ್ಲಿ ಕೂತ. ಎಳೆದರು. ಅವನ ಕಾಲು ಅಂಚು ದಾಟಿ ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಬಾವಿ ಸಿಡಿಯಿತು. ಕಲ್ಲುಗಳು ಅವನು ಕೂತಿದ್ದ ಜಾಗದಲ್ಲೇ ರಾಶಿ ಬಿದ್ದವು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಾಯುತ್ತ ನಿಂತೆ. ಒಂದು ಸಡಿಲ ಗಂಟಿಗೆ ನನ್ನ ಹೆಣ ಎತ್ತಿಸಿದವನು ಇವತ್ತು ಏನೇನು ಅನ್ನಬಹುದೆಂದು ಲೆಕ್ಕ ಹಾಕುತ್ತಿದ್ದೆ. ತಿರುಗಿ ಅನ್ನಲು ನನ್ನ ಬಾಯಲ್ಲೂ ಮಾತು ಸಿದ್ಧವಿತ್ತು. ಅವನು ಎದೆಯ ಮಣ್ಣು ಕೊಡವಿಕೊಂಡು, ಕೊಡದಿಂದ ಒಂದು ತಂಬಿಗೆ ನೀರು ತುಂಬಿಕೊಂಡು ಬಂದ.

"ಜಮಾದಾರ್ರ, ಬಿಸಲಾಗ ನಿಂತೀರಿ. ನೆರಳಿಗಿ ಬರ್ರಿ. ನೀರ್ ಕುಡೀರಿ."

ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಅವನಿಗೆ ನಾಲ್ಕು ಮಾತು ತಿರುಗಿಸಿ ಕೊಟ್ಟು, ಮರುದಿನ ಹಲ್ಲು ಕಚ್ಚಿಕೊಂಡು ಬಂದು ಆ ಬಾವಿಯನ್ನು ನೀರು ಕಾಣುವವರೆಗೂ ತೋಡಿಸುತ್ತಿದ್ದೆ. ಅದು ಆ ತಂಡದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೇ ಬೈಯಲಿಲ್ಲ. ನಾನು ನೀರು ಕುಡಿದು ತಂಬಿಗೆಯನ್ನು ಅವನ ಕೈಗೆ ಕೊಟ್ಟೆ, ಆಳಂದದ ದಾರಿ ಹಿಡಿದೆ, ಮತ್ತೆ ಯಾವ ಬಾವಿಯ ಹತ್ತಿರವೂ ಹೋಗಲಿಲ್ಲ.