ಮಾವನವರು ತುಂಬಿಸಿ ತಂದ ಟ್ಯಾಂಕು

ಗೆಳೆಯರೇ, ನಿಮ್ಮಲ್ಲಿ ಯಾರಿಗಾದರೂ ಈ ದೇಶದಲ್ಲಿ ಡೀಸೆಲ್ ಕಾರು ಕೊಳ್ಳುವ ಆಸೆಯಿದ್ದರೆ ಮೊದಲು ನನ್ನ ಮಾವನವರನ್ನು ಬಂದು ನೋಡಿ.

ಅಮೆರಿಕದ ಶಾಮ್‌ಬರ್ಗಿನ ನಮ್ಮ ಮನೆಯಲ್ಲಿ ನನ್ನ ಪುಟ್ಟ ಸ್ಪೋರ್ಟಿ ಡೀಸೆಲ್ ಕಾರಿನ ಗೇರು ಹಾಕಲು ಬರುವುದು ಇಬ್ಬರಿಗೇ: ನನಗೆ, ದಾವಣಗೆರೆಯಿಂದ ಬಂದಿರುವ ಮಾವನವರಿಗೆ. ಇವತ್ತು ಬೆಳಿಗ್ಗೆ ಹಾಲು ತರಲು ಕಾರು ಒಯ್ದವರು, ಬಂದು ಕೀ ಕೈಗಿಟ್ಟರು.

"ಇನ್ನೊಬ್ಬರ ಗಾಡಿ ಒಯ್ದು ಖಾಲಿ ತಂದು ನಿಲ್ಲಿಸಬಾರದು ನೋಡ್ರಿ ಅಳಿಯಂದ್ರೆ. ಅಲ್ಲೇ ಮೂಲೆಯಾಗ ಟ್ಯಾಂಕ್ ಫುಲ್ ಮಾಡೀನಿ."

ಸಂತೋಷವಾಯಿತು. ಅವರನ್ನೇ ಕೂರಿಸಿಕೊಂಡು ಶಾಪಿಂಗ್ ಮಾಲಿಗೆ ಹೊರಟೆ. ಒಂದು ಮೈಲಿ ದಾಟುವಷ್ಟರಲ್ಲಿ ಕಾರು ಕೆಮ್ಮಿ ಕೆಮ್ಮಿ ಸಿಗ್ನಲ್ಲಿನಲ್ಲಿ ನಿಂತೇಬಿಟ್ಟಿತು. ನನಗೆ ಅನುಮಾನ ಬಂತು.

"ಮಾವ, ಹಾಕಿದ್ದು ಹಸಿರು ಹಿಡಿಯ ಪಂಪಿನದ್ದೋ, ಕಪ್ಪು ಹಿಡಿಯದ್ದೋ?"

"ಕಪ್ಪು. ಹಸಿರು ಅಂದ್ರೆ ಪೆಟ್ರೋಲು, ಅಷ್ಟೂ ಗೊತ್ತಿಲ್ಲೇನ್ರಿ ನನಗೆ?"

ಅದು ದಾವಣಗೆರೆಯ ಬಂಕಿನ ಲೆಕ್ಕ. ಇಲ್ಲಿನ ಬಂಕಿನಲ್ಲಿ ಹಸಿರೇ ಡೀಸೆಲ್. ಟ್ಯಾಂಕಿನ ತುಂಬ ಪೆಟ್ರೋಲು.

ಕಾರು ಎಳೆದೊಯ್ಯಲು ಬಂದ ಟ್ರಕ್ಕಿನವನು, ಇದು ಯಾರ ಕೆಲಸ ಎಂದು ಕೇಳಿದ. ಮಾವನವರು ಪಕ್ಕದಲ್ಲೇ ನಿಂತಿದ್ದರು. ಹೆಣ್ಣು ಕೊಟ್ಟವರನ್ನು ಹೇಗೆ ತೋರಿಸಲಿ? ನಾನೇ ಎಂದೆ. ಪಂಪಿನ ಮೇಲೆ ದೊಡ್ಡದಾಗಿ ಬರೆದಿರುವುದನ್ನು ಓದಲು ಏನು ಕಷ್ಟ ಎಂದು ಅವನು ಐದು ನಿಮಿಷ ನನಗೆ ಪಾಠ ಮಾಡಿದ.

ಮಾವನವರು ಎಲ್ಲವನ್ನೂ ತಲೆದೂಗುತ್ತಾ ಕೇಳಿಸಿಕೊಂಡರು. ಆಮೇಲೆ ನನ್ನ ಭುಜ ತಟ್ಟಿ, "ಹೋಗ್ಲಿ ಬಿಡ್ರಿ. ಇನ್ಮ್ಯಾಲೆ ಓದಿ ಹಾಕ್ರಿ" ಎಂದರು.