ಬಳಿಯದೆ ಬಿಟ್ಟ ಗೋಡೆ

ಮೆಲ್ಬರ್ನಿನಲ್ಲಿ ನಾವು ರೆಂಟಿಗಿದ್ದದ್ದು ಒಬ್ಬ ಯಹೂದಿ ಆಂಟಿಯ ಹಿತ್ತಲಿನ ಪುಟ್ಟ ಯೂನಿಟ್ ಮನೆಯಲ್ಲಿ. ವಯಸ್ಸಾದ ವಿಧವೆ, ಸಂಜೆ ಚಹಾಕ್ಕೆ ಕರೆಯುತ್ತಿದ್ದರು. ಅವರ ಹಜಾರದಲ್ಲಿ, ಬಾಗಿಲಿಗೆ ಎದುರಾಗಿ, ಕಾಗದ ಕತ್ತರಿಸಿ ಮಾಡಿದ ಚಿತ್ರವಿತ್ತು: ಸಿಂಹಗಳು, ಜಿಂಕೆಗಳು, ನಡುವೆ ಕಿರೀಟ. ದೇವರ ಕೆಲಸಕ್ಕೆ ಸಿಂಹದ ಬಲ ಬೇಕು, ಜಿಂಕೆಯ ಓಟ ಬೇಕು, ಕಿರೀಟ ಧರ್ಮಗ್ರಂಥದ್ದು ಎಂದು ವಿವರಿಸಿದ್ದರು. ಅದರ ಕೆಳಗೆ ಮೊಳದಗಲದ ಚೌಕದಲ್ಲಿ ಗೋಡೆಗೆ ಬಣ್ಣವಿಲ್ಲ, ಗಾರೆಯಿಲ್ಲ, ಬರೀ ಇಟ್ಟಿಗೆ. ಜೆರುಸಲೇಮಿನ ದೇಗುಲ ಬಿದ್ದ ನೆನಪಿಗೆ ಮನೆಯಲ್ಲಿ ಅಷ್ಟು ಜಾಗವನ್ನು ಬೇಕೆಂದೇ ಬರಿದು ಬಿಡುತ್ತಾರಂತೆ. ಮನೆ ಕೊಂಡಾಗ ಅವರ ಗಂಡನೇ ಕೈಯಾರೆ ಗಾರೆ ಕೆತ್ತಿ, ಸುತ್ತ ಬಣ್ಣದ ಅಂಚು ಎಳೆದಿದ್ದರು.

ಇದನ್ನೆಲ್ಲ ನಾನು ನನ್ನ ಗಂಡನಿಗೆ ಹೇಳಿದ್ದೆ. ನನ್ನ ಸಿಟ್ಟಿನ ಬುಡವೇ ಅದು.

ತಂಗಿಯ ಬಾಣಂತನಕ್ಕೆ ನಾನು ಸಿಡ್ನಿಯ ಎಪ್ಪಿಂಗಿಗೆ ಹೋಗಿದ್ದಾಗ ಆಂಟಿ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದರು. ಗಿಡಕ್ಕೆ ನೀರು ಹಾಕಲೆಂದು ಅವರ ಮನೆಯ ಕೀಲಿ ನನ್ನ ಗಂಡನ ಕೈಯಲ್ಲಿತ್ತು. ಒಂದು ಶನಿವಾರ ವಾಟ್ಸಾಪಿನಲ್ಲಿ ಫೋಟೋ ಬಂತು. ಪಾಯಿಂಟ್ ಕುಕ್ ಬಡಾವಣೆಯ ಗೆಳೆಯರಿಬ್ಬರನ್ನು ಕರೆಸಿ, ಆ ಚೌಕಕ್ಕೆ ಗಾರೆ ತುಂಬಿ, ಗೋಡೆಗೆಲ್ಲ ಬಣ್ಣ ಬಳಿದಿದ್ದ. ಫೋನು ಮಾಡಿದೆ.

"ಬಾಗ್ಲು ತೆಗೆದ್ರೆ ಬೋಳು ಇಟ್ಗೆ ಕಣೇ, ವಾಸ್ತುಗೆ ಆಗಲ್ಲ. ಅದಕ್ಕೇ ಆಂಟಿ ಬಿದ್ದಿದ್ದು. ಸರ್‌ಪ್ರೈಸ್ ಇರ್ಲಿ ಅಂತ ಪೇಂಟ್ ಮಾಡಿದ್ವಿ" ಎಂದ.

ಮೈಯೆಲ್ಲ ಉರಿದುಹೋಯಿತು. ಮುದ್ದಾದ ಮಗುವಿನ ಕೆನ್ನೆಗೆ ಬೇಕೆಂದೇ ಕಪ್ಪು ಬೊಟ್ಟಿಡುವ ಜನ ನಾವು. ಕಟ್ಟುತ್ತಿರುವ ಮನೆಗೆ ವಿಕಾರ ಮುಖದ ಕುಂಬಳಕಾಯಿ ತೂಗುಹಾಕುವವರೂ ನಾವೇ. ನಾವು ಮಾಡಿದರೆ ಶಾಸ್ತ್ರ, ಅವರು ಮಾಡಿದರೆ ಅವಲಕ್ಷಣವೇ? ಆಸ್ಪತ್ರೆಗೆ ಹೋಗಿ ಒಂದು ಮಾತು ಕೇಳಲು ಬಾಯಿರಲಿಲ್ಲವೇ ಇವರಿಗೆ?

ಆಂಟಿ ಮನೆಗೆ ಬರುವ ಹೊತ್ತಿಗೆ ನಾನೂ ವಾಪಸು ಬಂದಿದ್ದೆ. ವಾಕರ್ ಹಿಡಿದು ಬಂದವರು ಚೌಕವಿದ್ದ ಜಾಗದ ಮೇಲೆ ಒಮ್ಮೆ ಕೈಯಾಡಿಸಿದರು. ಹಲ್ಲುಕಿರಿದು ನಿಂತಿದ್ದ ಮೂವರಿಗೂ ಥ್ಯಾಂಕ್ಸ್ ಹೇಳಿ ಕಳಿಸಿದರು. ಇವತ್ತೇ ಕೆತ್ತಿಸಿ ಮೊದಲಿನ ಹಾಗೆ ಮಾಡಿಸುತ್ತೇನೆ ಎಂದೆ.

"ಕೆತ್ತಿಸು, ಜಾಗ ಬೇಕೇ ಬೇಕು. ಆದರೆ ನನ್ನ ಗಂಡ ಕೈಯಾರೆ ಮಾಡಿದ್ದು ಹೋಯಿತು" ಎಂದರು.

ಗೆಳೆಯರೆಲ್ಲ ಅಡುಗೆ ತಂದು ಸೇರುವ ಪಾಟ್‌ಲಕ್ ಊಟಗಳಲ್ಲಿ ನನ್ನ ಗಂಡ ಈಗಲೂ ಆ ಉಪಕಾರದ ಕಥೆ ಹೇಳುತ್ತಾನೆ, ಆಂಟಿ ಥ್ಯಾಂಕ್ಸ್ ಹೇಳಿದಲ್ಲಿಗೆ ನಿಲ್ಲಿಸುತ್ತಾನೆ. ಉಳಿದದ್ದನ್ನು ನಾನು ಹೇಳುತ್ತೇನೆ, ಎಲ್ಲರೆದುರಿಗೇ.