ಬಿರಡೆ ಹಾಕಿದ ಉಳಿ

ಮೊನೆಯ ಎಡಗೈ ಹೆಬ್ಬೆರಳ ಉಗುರಿನ ತುಂಬ ಗೀರುಗಳು. ಉಳಿ ಮಸೆದಾಗೆಲ್ಲ ಅದರ ತುದಿಯನ್ನು ಉಗುರಿನ ಮೇಲಿಟ್ಟು ನೋಡುತ್ತಿದ್ದ. ಜಾರಿದರೆ ಇನ್ನೂ ಮಸೆಯಬೇಕು, ಕಚ್ಚಿ ನಿಂತರೆ ಹದವಾಯಿತು. ಅದಕ್ಕೇ ಗೆಳೆಯರು ಅವನಿಗೆ ಮೊನೆ ಎಂದು ಹೆಸರಿಟ್ಟಿದ್ದು. ಶವಾಗಾರದಲ್ಲಿ ಬಟ್ಟೆ ಸರಿಸಿ ಗುರುತು ಹೇಳಿ ಎಂದಾಗ ಮುಖದಲ್ಲಿ ಗುರುತು ಹಿಡಿಯುವಂಥದ್ದೇನೂ ಉಳಿದಿರಲಿಲ್ಲ. ಗೆಳೆಯರು ಉಗುರು ನೋಡಿ ಹೌದು ಅನ್ನಬೇಕಾಯಿತು.

ಅವನ ಅಪ್ಪನದೂ ಕೆತ್ತನೆಯದೇ ಕಸುಬು. ಬಾಗಿಲಿಗೆ ಹಾಕುವ ಹಿತ್ತಾಳೆ ಫಲಕ, ಬಹುಮಾನದ ಬಟ್ಟಲಿನ ಮೇಲೆ ಗೆದ್ದವರ ಹೆಸರು, ಕಚೇರಿಗಳ ಮೊಹರು. ಇಬ್ಬರು ಗಂಡುಮಕ್ಕಳಿಗೆ ಅಕ್ಷರ ಕಲಿಸಿದ್ದು ಬಡಿದೇ. ಒತ್ತಕ್ಷರ ಕೂದಲೆಳೆಯಷ್ಟು ವಾಲಿದರೂ ಸುತ್ತಿಗೆಯ ಹಿಡಿ ಬೆನ್ನಿನ ಮೇಲೆ ಇಳಿಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತಪ್ಪು ಬರೀ ಮೊನೆಯ ಉಳಿಯನ್ನು ಕೆಳಗಿಡುವುದು. ಇಡುವ ಮೊದಲು ತುದಿಗೆ ಬಾಟಲಿಯ ಬಿರಡೆ ಚುಚ್ಚಬೇಕು. ಮನೆಗೆ ಬೆಂಕಿ ಬಿದ್ದಿದ್ದರೂ ಸರಿಯೇ, ಮೊದಲು ಬಿರಡೆ. ಒಮ್ಮೆ ದೊಡ್ಡ ಮಗ ಮರೆತ. ಅಪ್ಪ ಅವನ ಅಂಗೈಯನ್ನು ಹಲಗೆಗೆ ಒತ್ತಿಹಿಡಿದು ಅದೇ ಉಳಿಯನ್ನು ಹೆಬ್ಬೆರಳ ಬುಡಕ್ಕೆ ಇಳಿಸಿದ.

"ಇನ್ನು ಮರೆಯಲ್ಲ ನೀನು," ಎಂದು ಕೈ ಒರೆಸಿಕೊಂಡ.

ಮರೆಯಲಿಲ್ಲ. ಪಕ್ಕದಲ್ಲಿ ನಿಂತು ನೋಡಿದ ಚಿಕ್ಕವನೂ ಮರೆಯಲಿಲ್ಲ.

ಅಪ್ಪ ಸತ್ತ ಮೇಲೆ ಅಂಗಡಿ ಇಬ್ಬರಿಗೂ ಬಂತು. ಅಪ್ಪನ ಹೊಡೆಯುವ ಕೈ ಮಾತ್ರ ಅಣ್ಣನೊಬ್ಬನಿಗೇ ಬಂತು. ಹೆಬ್ಬೆರಳು ಸರಿಯಾಗಿ ಮಡಚದ ಅಣ್ಣ ಉಳಿ ಹಿಡಿಯುತ್ತಿರಲಿಲ್ಲ. ಗಿರಾಕಿಗಳ ಜೊತೆ ಮಾತು, ಸುತ್ತಿಗೆಯಿಂದ ಲೋಹದ ಬಿಲ್ಲೆಗಳಿಗೆ ನಂಬರು ಒತ್ತುವುದು ಅವನ ಪಾಲಿನ ಕೆಲಸ. ಅಂಗಡಿಯಲ್ಲಿ ನಕ್ಕು ನಕ್ಕು ಸುಸ್ತಾದವನು ಮಹಡಿ ಹತ್ತಿ ಮನೆಗೆ ಹೋದರೆ ಹೆಂಡತಿಯ ಮೇಲೆ ಕೈ ಮಾಡುತ್ತಿದ್ದ. ಕೆಳಗೆ ಕೆತ್ತುತ್ತ ಕೂತ ಮೊನೆಗೆ ಮೇಲೆ ಏನು ಬಿತ್ತು ಎಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು: ಪಾತ್ರೆಯೋ, ಕುರ್ಚಿಯೋ, ಅತ್ತಿಗೆಯೋ. ಒಂದು ಸಂಜೆ ಅಣ್ಣ ಅವಳ ಎಡತೋಳನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲನ್ನು ಒದ್ದ. ಬಿಡಿಸಲು ಓಡಿದ ಮೊನೆಯ ಎರಡು ಹಲ್ಲು ಮೆಟ್ಟಿಲ ಮೇಲೆ ಉದುರಿದವು. ಅತ್ತಿಗೆಯ ಮೊಣಕೈ ಮತ್ತೆ ನೆಟ್ಟಗಾಗಲಿಲ್ಲ. ಆ ತೋಳು ಮಡಚಿಕೊಂಡು ಹೊಟ್ಟೆಗೆ ಅಂಟಿದಂತೆ ನಿಂತುಬಿಟ್ಟಿತು.

"ನನ್ನಿಂದ ನಿನ್ನ ಹಲ್ಲು ಹೋಯ್ತಲ್ಲೋ," ಎಂದು ಅವಳು ಅತ್ತಳು.

"ಹೋಗ್ಲಿ ಬಿಡಿ ಅತ್ತಿಗೆ, ಉಜ್ಜೋದು ಎರಡು ಕಮ್ಮಿ ಆಯ್ತು," ಎಂದ ಮೊನೆ. ಆಮೇಲೆ ದನಿ ತಗ್ಗಿಸಿದ. "ನೀವು ಇಲ್ಲಿದ್ರೆ ಇವನು ಒಂದಿನ ನಿಮ್ಮನ್ನ ಕೊಂದೇಬಿಡ್ತಾನೆ. ನಿಮ್ಮಕ್ಕನ ಮನೆ ಮುಂದಿನ ಕೋಣೆ ಖಾಲಿ ಇದೆ ಅಂದ್ರಲ್ಲ?"

"ಅಲ್ಲಿ ಹೋಗಿ ಏನು ಮಾಡ್ಲಿ? ಒಂಟಿ ಕೈಲಿ ಅಕ್ಕನ ಮನೆ ಪಾತ್ರೆ ತೊಳೆದ್ಕೊಂಡು ಇರ್ಲಾ?"

"ಒಂಟಿ ಕೈಲಿ ಕೆತ್ತಿ."

ಅವಳು ಅವನ ಮುಖ ನೋಡಿದಳು.

ಹೊಸ ಯಂತ್ರ ತರಬೇಕೆಂದು ಅಣ್ಣನೇ ಗೊಣಗುತ್ತಿದ್ದ ಕಾಲ ಅದು. ಕೈಕೆತ್ತನೆ ನಿಧಾನ, ಗಿರಾಕಿಗಳು ಬೇರೆ ಕಡೆ ಹೋಗುತ್ತಿದ್ದರು. ಯಂತ್ರ ಬರಲಿ, ಅತ್ತಿಗೆ ಅದನ್ನು ಕಲಿಯಲಿ, ಆಮೇಲೆ ನನಗೆ ಅಂಗಡಿ ಬೇಡ, ನನ್ನ ಪಾಲಿಗೆ ಯಂತ್ರವೊಂದು ಸಾಕು ಎಂದು ಕೇಳಿ ಪಡೆದು ಅವಳ ಜೊತೆ ಕಳಿಸಿಬಿಡುವುದು: ಇದು ಮೊನೆಯ ಲೆಕ್ಕಾಚಾರ. ಅವಳ ಕೈಗೆ ಒಗ್ಗುವ ಯಂತ್ರವನ್ನೇ ಅಣ್ಣ ಒಪ್ಪುವಂತೆ ಮಾಡುವುದೊಂದೇ ಉಳಿದಿದ್ದ ಕಷ್ಟ.

ಯಂತ್ರ ಮಾರುವ ಮಳಿಗೆಯಲ್ಲಿ ಮೂರು ಬಗೆ ಇದ್ದವು. ಮೊದಲನೆಯದು ವಜ್ರದ ಮುಳ್ಳಿನದು. ತಗಡನ್ನು ಗೀರುತ್ತ ಅಕ್ಷರ ಮೂಡಿಸುತ್ತದೆ, ಗೆರೆ ಕೈಕೆತ್ತನೆಯಷ್ಟೇ ಚೆನ್ನ. ಆದರೆ ತಗಡನ್ನು ಬಿಗಿಯಲು ಎರಡೂ ಬದಿಯ ತಿರುಪನ್ನು ಒಟ್ಟಿಗೆ ತಿರುಗಿಸಬೇಕು. ಎರಡನೆಯದು ಲೇಸರ್, ಮುಚ್ಚಳವಿಲ್ಲದ್ದು. ಎಂಥ ದೊಡ್ಡ ಫಲಕವನ್ನೂ ಅದರಡಿ ಇಡಬಹುದು. ಬಣ್ಣದ ಕನ್ನಡಕ ಮರೆತರೆ ಮಾತ್ರ ಕಣ್ಣು ಹೋದಂತೆ. ಮೂರನೆಯದೂ ಲೇಸರೇ, ಪೆಟ್ಟಿಗೆಯೊಳಗಿನದು. ಮುಚ್ಚಳ ಒಂದೇ ಕೈಗೆ ಏಳುತ್ತದೆ, ಒಳಗಿನ ಮೇಜು ಗುಂಡಿ ಒತ್ತಿದರೆ ಮೇಲೆ ಕೆಳಗೆ ಸರಿಯುತ್ತದೆ, ಕೆತ್ತನೆ ಶುರುವಾಗುವುದು ಕಾಲಿನಡಿಯ ಪೆಡಲಿನಿಂದ. ದೊಡ್ಡ ಫಲಕ ಅದರಲ್ಲಿ ಹಿಡಿಸುವುದಿಲ್ಲ. ಅಣ್ಣನಿಗೆ ತಿಳಿಯದಂತೆ ಮೊನೆ ಮತ್ತೆ ಮತ್ತೆ ಅಲ್ಲಿಗೆ ಹೋದ. ಎಡತೋಳನ್ನು ಹೊಟ್ಟೆಗೆ ಒತ್ತಿಕೊಂಡು ಮೂರನ್ನೂ ನಡೆಸಿ ನೋಡಿದ. ಮೂರನೆಯದರ ಮುಂದೆ ನಿಂತಾಗ ಅವನ ಮುಖದಲ್ಲಿ ಮಾರುವವನಿಗೆ ಗೆಲುವು ಕಂಡಿತಂತೆ.

ಕೊನೆಗೆ ಅಣ್ಣನನ್ನು ಕರೆದುಕೊಂಡು ಹೋದ.

"ಮುಚ್ಚಳ ಇಲ್ಲದ್ದೇ ಇರ್ಲಿ," ಎಂದ ಅಣ್ಣ. "ಪೆಟ್ಟಿಗೇಲಿ ಏನು ಕೆತ್ತೋದು, ಬಟನ್ನಾ?"

"ಕಣ್ಣಿಗೆ ಅಪಾಯ ಅಣ್ಣಾ. ದೊಡ್ಡ ಫಲಕ ಬಂದ್ರೆ ನಾನು ಕೈಲೇ ಕೆತ್ಕೊಡ್ತೀನಿ. ಇದು ಸುಲಭ, ಯಾರು ಬೇಕಾದ್ರೂ ನಡೆಸ್ಬೋದು."

ಮಾರುವವನು ಒಳ್ಳೆಯ ಮನಸ್ಸಿನಿಂದಲೇ ಬಾಯಿ ಹಾಕಿದ. "ನಿಮ್ಮ ತಮ್ಮ ಚೆನ್ನಾಗಿ ಪರೀಕ್ಷೆ ಮಾಡಿದಾರೆ ಸಾರ್. ಬಂದಾಗೆಲ್ಲ ಎಡಗೈ ಹೀಗೆ ಮಡಚ್ಕೊಂಡು, ಒಂದೇ ಕೈಲಿ ನಡೆಸಿ ನೋಡಿದ್ರು."

ಅಣ್ಣ ಯಂತ್ರವನ್ನು ನೋಡಿದ. ಮಾರುವವನ ಮಡಚಿದ ತೋಳನ್ನು ನೋಡಿದ. ಆಮೇಲೆ ತಮ್ಮನ ಕೆನ್ನೆಗೆ ಬಾರಿಸಿದ. ಮೊನೆ ಗಾಜಿನ ಕಪಾಟಿನ ಮೇಲೆ ಬಿದ್ದ. ಗಾಜು ಒಡೆದು ಕಿವಿಯ ಹಿಂದೆ ಸೀಳಿತು.

"ನಮ್ಮನೇಲಿ ಒಂಟಿ ಕೈಯವರು ಯಾರೋ?" ಎಂದ ಅಣ್ಣ, ನಗುತ್ತಲೇ. "ಹೇಳೋ, ಯಾರು? ನನ್ನ ಹೆಂಡ್ತಿಗೆ ಯಂತ್ರ ಆರಿಸೋಕೆ ನೀನು ಯಾವೋನೋ?"

ಮೊನೆ ಕಿವಿಯನ್ನು ಅಂಗೈಯಿಂದ ಒತ್ತಿಕೊಂಡು ಅಂಗಡಿಗೆ ನಡೆದೇ ಬಂದ. ಅರ್ಧಕ್ಕೆ ನಿಂತಿದ್ದ ಫಲಕವೊಂದು ಇತ್ತು, ಅದನ್ನು ಮುಂದಿಟ್ಟುಕೊಂಡು ಕೆತ್ತಲು ಕೂತ. ರಕ್ತದ ಹನಿ ಹಿತ್ತಾಳೆಯ ಮೇಲೆ ಬಿದ್ದಾಗ ತೋಳಿನಿಂದ ಒರೆಸಿದ. ಅತ್ತಿಗೆ ಮೆಟ್ಟಿಲ ಮೇಲೆ ಬಂದು ನಿಂತಳು.

"ಏನಾಯ್ತೋ ಇದು?"

"ಅವನಿಗೆ ಗೊತ್ತಾಯ್ತು. ಈಗಲೇ ನಿಮ್ಮಕ್ಕನ ಮನೆಗೆ ಹೊರಡಿ ಅತ್ತಿಗೆ. ಚಪ್ಪಲಿ ಹುಡುಕ್ತಾ ನಿಲ್ಲಬೇಡಿ."

ಅವಳು ಕೊನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಅಣ್ಣ ಬೀದಿ ಬಾಗಿಲಿನಿಂದ ಒಳಗೆ ಬಂದ. ನಂಬರು ಒತ್ತುವ ಸುತ್ತಿಗೆಯನ್ನು ಗೂಟದಿಂದ ಎಳೆದುಕೊಂಡ. ಮೊನೆ ಎದ್ದು ನಿಂತ. ಅವನ ಬಲಗೈಯಲ್ಲಿ ಆಗಷ್ಟೇ ಮಸೆದ ಉಳಿ ಇತ್ತು. ಅದನ್ನು ಸುಮ್ಮನೆ ಮುಂದಕ್ಕೆ ಹಿಡಿದು ನಿಂತಿದ್ದರೆ ಸಾಕಿತ್ತು. ಬರುವ ವೇಗಕ್ಕೆ ಅಣ್ಣ ತಾನಾಗಿ ಅದರ ಮೇಲೆ ಬೀಳುತ್ತಿದ್ದ. ಮೊನೆಗೆ ಬರಿಗೈಯಲ್ಲಿ ಅಣ್ಣನನ್ನು ತಡೆಯಬೇಕಿತ್ತು, ಅದಕ್ಕೆ ಉಳಿಯನ್ನು ಕೆಳಗಿಡಬೇಕಿತ್ತು. ಇಡಬೇಕಾದರೆ ಬಿರಡೆ ಹಾಕಬೇಕು. ಅವನ ಎಡಗೈ ಮೇಜಿನ ಮೇಲೆ ಬಿರಡೆಗಾಗಿ ತಡಕಾಡಿತು. ಸಿಕ್ಕಿತು. ತಲೆ ಬಗ್ಗಿಸಿ, ತುದಿಗೆ ನೆಟ್ಟಗೆ ಚುಚ್ಚಿದ.

ತಲೆ ಬಗ್ಗಿಸಿದ್ದಾಗಲೇ ಮೊದಲ ಏಟು ಬಿತ್ತು. ಉಳಿ ಮೇಜಿನ ಮೇಲೆ ಕೂತಿತು, ಅವನು ನೆಲಕ್ಕೆ ಹೋದ. ಬಿದ್ದವನ ಎದೆಯ ಮೇಲೆ ಕೂತು ಅಣ್ಣ ಹೊಡೆದ. ಬಿಲ್ಲೆಗೆ ನಂಬರು ಒತ್ತುವ ಹಾಗೆ, ಒಂದೇ ಸಮನೆ. ಅತ್ತಿಗೆ ಬಲಗೈಯಲ್ಲಿ ಗಂಡನ ಕೂದಲು ಹಿಡಿದು ಎಳೆದಳು. ಅವನು ಮೊಣಕೈಯಿಂದ ತಿವಿದ ಏಟಿಗೆ ಗೋಡೆಗೆ ಹೋಗಿ ಬಡಿದಳು. ಮೊನೆಯ ಕಾಲು ಕೊಡವುವುದು ನಿಂತ ಮೇಲೂ ಸುತ್ತಿಗೆ ನಿಲ್ಲಲಿಲ್ಲ. ಎದುರು ಅಂಗಡಿಯ ಬಡಗಿ ಬಂದು ಹಿಂದಿನಿಂದ ಅಪ್ಪಿ ಹಿಡಿದ ಮೇಲೆಯೇ ನಿಂತಿದ್ದು.

ಬಿರಡೆ ಹಾಕದೆ ಎಸೆದಿದ್ದರೆ? ಗೆಳೆಯರು ಎಷ್ಟೋ ದಿನ ಇದನ್ನೇ ಕೇಳಿಕೊಂಡರು. ಕೇಳಿಕೊಂಡು ಏನು ಮಾಡುವುದು. ಹಾಗೆ ಎಸೆಯುವವನಾಗಿದ್ದರೆ ಅವನು ಮೊನೆಯಾಗಿರುತ್ತಿರಲಿಲ್ಲ.

ತಮ್ಮನೇ ಉಳಿ ಹಿಡಿದು ನನ್ನ ಮೇಲೇರಿ ಬಂದ, ಜೀವ ಉಳಿಸಿಕೊಳ್ಳಲು ಹೊಡೆದೆ ಎಂದು ಅಣ್ಣ ನ್ಯಾಯಾಲಯದಲ್ಲಿ ಹೇಳಿದ. ಬಿರಡೆಯನ್ನು ಆಮೇಲೆ ಹೆಂಡತಿ ಚುಚ್ಚಿದ್ದು ಎಂದು ಅವನ ವಕೀಲರು ವಾದಿಸಿದರು. ಬಡಗಿ ನೋಡಿದ್ದು ಕೊನೆಯನ್ನು ಮಾತ್ರ. ಅವಳ ಮಾತಿಗೆ ಎದುರಾಗಿ ಇವನ ಮಾತು, ಅಷ್ಟೇ. ಅತ್ತಿಗೆ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಇವನು ಬಿಡುಗಡೆಯಾದರೆ ಆ ಸುತ್ತಿಗೆಗೆ ಮುಂದಿನ ತಲೆ ಯಾರದೆಂದು ಅವಳಿಗೆ ಗೊತ್ತಿತ್ತು.

ಸರ್ಕಾರಿ ವಕೀಲರು ಎದ್ದರು. "ಅಂದರೆ ನಿಮ್ಮ ತಮ್ಮ ಬರೀ ಮೊನೆಯ ಉಳಿಯನ್ನು ಹಾಗೇ ಮೇಜಿನ ಮೇಲೆ ಬಿಸಾಡಿದ ಅಂತೀರಿ?"

ಹೌದು ಅಂದಿದ್ದರೆ ಅವನು ಪಾರಾಗುತ್ತಿದ್ದ. ಅಣ್ಣನ ಮುಖ ಕೆಂಪಾಯಿತು.

"ಬಿಸಾಡೋದಾ? ನಮ್ಮಪ್ಪನ ಕೈಲಿ ಕಲಿತವರು ಬರೀ ಮೊನೆ ಕೆಳಗಿಡಲ್ಲ ಸ್ವಾಮಿ. ಬಿರಡೆ ಹಾಕೇ ಇಟ್ಟ. ನಾನೇ ನೋಡಿದೀನಿ."

"ಯಾವಾಗ ನೋಡಿದ್ರಿ?"

ಅವನ ಎಡಗೈ ತಾನಾಗಿ ಬಲ ಹೆಬ್ಬೆರಳ ಬುಡದ ಹಳೆಯ ಗಾಯಕ್ಕೆ ಹೋಯಿತು. ಅದನ್ನು ಉಜ್ಜುತ್ತ ನಿಂತ.

"ಹೊಡೆಯೋಕೆ ಮುಂಚೆ," ಎಂದ.

ಅವನು ಇನ್ನು ಮುದುಕನಾಗುವವರೆಗೆ ಹೊರಗೆ ಬರುವಂತಿಲ್ಲ.

ತೀರ್ಪಿನ ಮಾರನೆಯ ವಾರ ಅತ್ತಿಗೆ ಅಕ್ಕನ ಜೊತೆ ಯಂತ್ರದ ಮಳಿಗೆಗೆ ಹೋದಳು. ಕಪಾಟಿಗೆ ಹೊಸ ಗಾಜು ಬಂದಿತ್ತು. ಮಾರುವವನಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ವಜ್ರದ ಮುಳ್ಳಿನದನ್ನು ತೋರಿಸಲು ಹೊರಟ.

"ಅದು ಬೇಡಪ್ಪ, ಪೆಟ್ಟಿಗೇದು ತೋರ್ಸು," ಎಂದಳು.

ಅವಳು ಯಂತ್ರದ ಮುಂದೆ ನಿಂತು ಬಲಗೈಯಲ್ಲಿ ಮುಚ್ಚಳ ಎತ್ತಿದಳು. ತಗಡು ಇಟ್ಟಳು, ಗುಂಡಿ ಒತ್ತಿ ಮೇಜನ್ನು ಏರಿಸಿದಳು, ಮುಚ್ಚಳ ಇಳಿಸಿದಳು. ಎಡತೋಳು ಹೊಟ್ಟೆಗೆ ಅಂಟಿಕೊಂಡೇ ಇತ್ತು. ಮಾತಾಡುತ್ತಿದ್ದ ಮಾರುವವನು ತಟ್ಟನೆ ನಿಲ್ಲಿಸಿದ.

"ಅವರೂ ಹೀಗೇ ನಿಂತಿದ್ರಮ್ಮ," ಎಂದ. "ಇದೇ ಜಾಗದಲ್ಲಿ."

ಅವಳು ಕಾಲಿನಿಂದ ಪೆಡಲನ್ನು ತಡಕಿದಳು. ಸಿಕ್ಕಿತು. ಒತ್ತಿದಳು.